ಸಮುದ್ರ ಮಟ್ಟ ಅಂದ್ರೆ ಯಾವ ಸಮುದ್ರದ್ದು? ಹಡಗಿನ ಚಾರ್ಟ್‌ಗೆ ದೇಶಕ್ಕೊಂದು ಸೊನ್ನೆ ಯಾಕೆ?

ಮೂಡಿಗೆರೆ ರೊಬಸ್ಟಾ
ನಮಸ್ಕಾರ ಎಲ್ಲರಿಗೂ. ವಿಷಯ ಕಾಫಿ ರೇಟಿನದ್ದಲ್ಲ, ಹೆದರಬೇಡಿ. ನಮ್ಮ ಚಿಕ್ಕಪ್ಪನ ಮಗ ಸರಕು ಹಡಗಿನಲ್ಲಿ ಆಫೀಸರ್. ಈಗ ಬಾಲ್ಟಿಕ್ ಸಮುದ್ರದಲ್ಲಿದ್ದಾನೆ, ಜರ್ಮನಿಯಿಂದ ಫಿನ್ಲೆಂಡ್ ಕಡೆಗೆ. ಅಲ್ಲಿನ ದೇಶಗಳೆಲ್ಲ ಸೇರಿ ತಮ್ಮ ಚಾರ್ಟ್‌ಗಳಲ್ಲಿ, ಅಂದರೆ ಸಮುದ್ರದ ನಕ್ಷೆಗಳಲ್ಲಿ, ಆಳವನ್ನು ಒಂದೇ ಸೊನ್ನೆಯಿಂದ ಅಳೆಯಲು ಹೊರಟಿದ್ದಾರಂತೆ. ಅದಕ್ಕೆ 'ಬಾಲ್ಟಿಕ್ ಸೀ ಚಾರ್ಟ್ ಡೇಟಮ್ 2000' ಅಂತ ಹೆಸರು, ಡೇಟಮ್ ಅಂದರೆ ಅಳತೆ ಶುರುವಾಗುವ ಆ ಸೊನ್ನೆ. ಕೆಲಸ ಪೂರ್ತಿ ಮುಗಿಯುವವರೆಗೂ ಪ್ರತಿ ಚಾರ್ಟ್‌ನ ಮೂಲೆಯಲ್ಲಿರುವ ಟಿಪ್ಪಣಿ ಓದಿಯೇ ಮುಂದೆ ಹೋಗಬೇಕು, ಒಂದರಲ್ಲಿ ಹಳೆ ಸೊನ್ನೆ ಇನ್ನೊಂದರಲ್ಲಿ ಹೊಸದು ಇರಬಹುದು ಎಂದ.

ನನಗೆ ಅರ್ಥವಾಗದ್ದು ಇಷ್ಟು. ನೀರು ತಾನಾಗಿ ಮಟ್ಟ ಹಿಡಿಯುತ್ತದೆ ಅಲ್ವಾ? ಸಮುದ್ರಕ್ಕೆ ಮಧ್ಯೆ ಬದುವೂ ಇಲ್ಲ, ಬೇಲಿಯೂ ಇಲ್ಲ. ಹಾಗಿದ್ದಮೇಲೆ ಸ್ವೀಡನ್‌ಗೆ ಒಂದು ಮಟ್ಟ, ಫಿನ್ಲೆಂಡ್‌ಗೆ ಒಂದು ಮಟ್ಟ ಎಲ್ಲಿಂದ ಬಂತು? ಬೇರೆ ಬೇರೆ ಇದ್ದರೂ ಒಂದು ಮೀಟಿಂಗ್‌ನಲ್ಲಿ ಕೂತು ಸರಿ ಮಾಡುವುದಕ್ಕೆ ಇಷ್ಟು ವರ್ಷ ಯಾಕೆ? ತಿಳಿದವರು ಹೇಳಿ.

ಅರಸೀಕೆರೆ ತೆಂಗು
ಅಣ್ಣಾ ನಾವು ಸಮುದ್ರದಿಂದ ಮುಕ್ಕಾಲು ಕಿಲೋಮೀಟರ್‌ಗಿಂತ ಮೇಲಿದ್ದೀವಿ. ನಮಗ್ಯಾಕೆ ಆ ಉಸಾಬರಿ!

ನಾಲೆ ಏರಿ
ತೆಂಗಿನವರೇ, ಉಸಾಬರಿ ಇದೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರ್‌ನಲ್ಲಿ ನೋಡುತ್ತೀರಲ್ಲ, ಡ್ಯಾಂ ಮಟ್ಟ. ಕೆಆರ್‌ಎಸ್ 124.80 ಅಡಿ. ನಮ್ಮ ಹೇಮಾವತಿ 2922 ಅಡಿ. ಹಾರಂಗಿ 2859, ಕಬಿನಿ 2284, ಭದ್ರಾ 186. ಗೊರೂರಿನ ಹೇಮಾವತಿ ಡ್ಯಾಂ ಕೆಆರ್‌ಎಸ್‌ಗಿಂತ ಇಪ್ಪತ್ತು ಪಟ್ಟು ಎತ್ತರವೇ ಸಾರ್ ಅಂತ ನನ್ನ ಸರ್ವಿಸ್‌ನಲ್ಲಿ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೆಆರ್‌ಎಸ್, ಭದ್ರಾ ಲೆಕ್ಕ ಡ್ಯಾಂ ಬುಡದ ಕಡೆಯಿಂದ. ಹೇಮಾವತಿ, ಹಾರಂಗಿ, ಕಬಿನಿ ಲೆಕ್ಕ ಸಮುದ್ರ ಮಟ್ಟದಿಂದ. ಆಲಮಟ್ಟಿಗೆ ಬಂದರೆ ಅಡಿಯೇ ಇಲ್ಲ, 519.60 ಮೀಟರ್. ಒಂದೇ ರಾಜ್ಯ, ಒಂದೇ ಇಲಾಖೆ, ಸೊನ್ನೆ ಮಾತ್ರ ಊರಿಗೊಂದು.

ಇದರಿಂದ ಯಾರಿಗೂ ಏಟು ಬಿದ್ದಿಲ್ಲ, ಯಾಕೆಂದರೆ ಕೆಆರ್‌ಎಸ್ ಅಂಕಿಯನ್ನು ಹೇಮಾವತಿ ಅಂಕಿಯಿಂದ ಯಾರೂ ಕಳೆಯುವುದಿಲ್ಲ. ಹಡಗಿಗೆ ಹಾಗಲ್ಲ. ಅದು ಒಂದು ದೇಶದ ಚಾರ್ಟ್‌ನಿಂದ ಇನ್ನೊಂದು ದೇಶದ ಚಾರ್ಟ್‌ಗೆ ದಾಟುತ್ತದೆ. ತಳದ ಕೆಳಗೆ ಎಷ್ಟು ನೀರಿದೆ ಅನ್ನುವ ಲೆಕ್ಕ ಗಡಿಯಲ್ಲಿ ತುಂಡಾಗಬಾರದು.

ಕಡೂರು ಜಂಕ್ಷನ್
ಡ್ಯಾಂ ಕಥೆ ಚೆನ್ನಾಗಿದೆ ಸಾರ್, ಆದರೆ ಮೂಲ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎಲ್ಲರೂ ಸರಾಸರಿ ಸಮುದ್ರ ಮಟ್ಟ ಅಂತ ಇಟ್ಟುಕೊಂಡರೆ ಮುಗೀತು. ರೈಲ್ವೆ ಸ್ಟೇಷನ್ ಹಳದಿ ಬೋರ್ಡ್‌ನಲ್ಲಿ ಬರೆದಿರೋದೂ ಅದೇ ಅಲ್ವಾ?

ಮಲ್ಪೆ ಮಗಳು ಹಾಸನ ಸೊಸೆ
ಸರಾಸರಿ ಇಟ್ಟುಕೊಂಡರೆ ದೋಣಿ ಮರಳಿಗೆ ಕೂರುತ್ತದೆ ಕಡೂರಿನವರೇ. ಅಪ್ಪ ಟ್ರಾಲ್ ಬೋಟ್ ಇಟ್ಟವರು. ಅಳಿವೆ ಬಾಗಿಲಲ್ಲಿ ಇಳಿತ ಇದ್ದಾಗ ಒಳಗೆ ಬರಲು ಆಗದೆ ಹೊರಗೇ ಕಾಯುವುದು ನಮಗೆ ಮಾಮೂಲಿ. ಸರಾಸರಿ ಅಂದರೆ ಅರ್ಧ ದಿನ ಅದಕ್ಕಿಂತ ಕಡಿಮೆ ನೀರು ಅಂತ ತಾನೇ ಅರ್ಥ? ಚಾರ್ಟ್‌ನಲ್ಲಿ 4 ಮೀಟರ್ ಅಂತ ಬರೆದಿದ್ದರೆ ಕಡಿಮೆ ಅಂದರೂ ಅಷ್ಟು ಸಿಗಬೇಕು. ಜಾಸ್ತಿ ಸಿಕ್ಕಿದರೆ ಲಾಭ.

ಬೇಲೂರು ಮಾಜಿ ನೇವಿ
ತಂಗಿ ಹೇಳಿದ್ದು ಸರಿ. ನಾನು ನೌಕಾಪಡೆಯ ಸರ್ವೆ ಹಡಗಿನಲ್ಲಿ ಕೆಲಸ ಮಾಡಿದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಭೂಮಿಯ ಮೇಲಿನ ಎತ್ತರಕ್ಕೆ ಸರಾಸರಿ ಮಟ್ಟ ಸಾಕು. ಹಡಗಿನ ಚಾರ್ಟ್‌ಗೆ ಸಾಲದು. ಅದಕ್ಕೆ ಬೇಕಾದ್ದು ನೀರು ಸಾಮಾನ್ಯವಾಗಿ ಇದಕ್ಕಿಂತ ಕೆಳಗೆ ಹೋಗುವುದಿಲ್ಲ ಅನ್ನುವ ಒಂದು ಗೆರೆ. ಚಾರ್ಟ್‌ನ ಸೊನ್ನೆ ಅದೇ. ತಮಾಷೆ ಏನೆಂದರೆ ಅದೇ ಚಾರ್ಟ್‌ನಲ್ಲಿ ಸೇತುವೆಯ ಎತ್ತರವನ್ನು ಉಬ್ಬರದ ಮಟ್ಟದಿಂದ ಬರೆಯುತ್ತಾರೆ. ಕೆಳಗಿನದಕ್ಕೆ ಇಳಿತ, ಮೇಲಿನದಕ್ಕೆ ಉಬ್ಬರ. ಎರಡೂ ಕಡೆ ಹಡಗಿಗೆ ಅನುಮಾನದ ಲಾಭ.

ಈಗ ಆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ಅಮೆರಿಕದವರು ದಿನದ ಎರಡು ಇಳಿತಗಳಲ್ಲಿ ಹೆಚ್ಚು ಕೆಳಗಿನದನ್ನು ತೆಗೆದುಕೊಂಡು ಅದರ ಸರಾಸರಿ ಹಿಡಿಯುತ್ತಾರೆ. ಬ್ರಿಟನ್‌ನವರು ಲ್ಯಾಟ್ ಅನ್ನುತ್ತಾರೆ. ಸೂರ್ಯ ಚಂದ್ರರ ಲೆಕ್ಕದ ಪ್ರಕಾರ ನೀರು ಅತಿ ಕೆಳಗೆ ಎಷ್ಟು ಇಳಿಯಬಹುದೋ ಅದು. ಚಂದ್ರನ ಹಾದಿಯ ಸುತ್ತು 18.6 ವರ್ಷ, ಹಾಗಾಗಿ 19 ವರ್ಷದ ಲೆಕ್ಕ ಹಾಕಿ ಅದರಲ್ಲಿ ಕನಿಷ್ಠ ಹುಡುಕುವುದು. ನಮ್ಮ ದೇಶದ್ದು ಇನ್ನೂ ಬೇರೆ. 'ಇಂಡಿಯನ್ ಸ್ಪ್ರಿಂಗ್ ಲೋ ವಾಟರ್' ಅಂತ. ಇದನ್ನು ಹಾಕಿಕೊಟ್ಟವರು ಜಾರ್ಜ್ ಡಾರ್ವಿನ್. ಹೌದು, ಆ ಮಂಗನ ಡಾರ್ವಿನ್ ಅವರ ಮಗನೇ. ಸರಾಸರಿ ಮಟ್ಟದಿಂದ ಉಬ್ಬರ ಇಳಿತದ ನಾಲ್ಕು ಮುಖ್ಯ ಅಲೆಗಳ ಎತ್ತರ ಕೂಡಿಸಿ ಕಳೆದರೆ ಈ ಮಟ್ಟ ಬರುತ್ತದೆ. ಆ ಕಾಲಕ್ಕೆ ಕೈಲೆಕ್ಕದಲ್ಲಿ ಮಾಡಲು ಸುಲಭ, ನಮ್ಮ ಸಮುದ್ರಕ್ಕೆ ಹೊಂದುತ್ತಿತ್ತು. ಆದರೆ ಒಮ್ಮೊಮ್ಮೆ ನೀರು ಇದಕ್ಕಿಂತಲೂ ಕೆಳಗೆ ಇಳಿಯುತ್ತದೆ.

ಮಂಗಳೂರಲ್ಲಿ ಇಳಿತಕ್ಕೂ ಉಬ್ಬರಕ್ಕೂ ವ್ಯತ್ಯಾಸ ಒಂದೂವರೆ ಮೀಟರ್ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ದಾಟುತ್ತದೆ. ಒಂದೇ ಕರಾವಳಿಯಲ್ಲಿ ಇಷ್ಟು ವ್ಯತ್ಯಾಸ ಇದ್ದಮೇಲೆ ಚಾರ್ಟ್‌ನ ಸೊನ್ನೆ ಊರಿಂದೂರಿಗೆ ಮೇಲೆ ಕೆಳಗೆ ಆಗದೆ ಇರುತ್ತದೆಯೇ? ಸರ್ವೆಗೆ ಹೋದ ಕೂಡಲೇ ನಮ್ಮ ಮೊದಲ ಕೆಲಸ ಟೈಡ್ ಪೋಲ್, ಅಂದರೆ ನೀರಿನ ಮಟ್ಟ ಅಳೆಯುವ ಕಂಬ ನೆಡುವುದು, ದಡದ ಬೆಂಚ್‌ಮಾರ್ಕ್‌ನಿಂದ, ಅಂದರೆ ಎತ್ತರ ಗೊತ್ತಿರುವ ಗುರುತಿನಿಂದ, ಅದಕ್ಕೆ ಲೆವೆಲ್ ತರುವುದು. ಆಮೇಲೆ ಸದ್ದಿನಿಂದ ಆಳ ಅಳೆಯುವ ಎಕೋ ಸೌಂಡರ್ ಓಡಿಸುವುದು. ಪೋಲ್ ತಪ್ಪಿದರೆ ಇಡೀ ಸರ್ವೆ ತಪ್ಪು.

ಘಾಟಿ ಗಾಡಿ
ಮಾಜಿ ನೇವಿ ಸಾರ್, ಈ ಚಾರ್ಟ್ ಮಾಡೋ ಆಫೀಸು ಎಲ್ಲಿದೆ? ಮುಂಬೈಯಾ, ಕೊಚ್ಚಿಯಾ?

ಬೇಲೂರು ಮಾಜಿ ನೇವಿ
ಡೆಹ್ರಾಡೂನ್.

ಘಾಟಿ ಗಾಡಿ
ಸಮುದ್ರದ ನಕ್ಷೆ ಹಿಮಾಲಯದ ಬುಡದಲ್ಲಿ! ಹಾಗಾದರೆ ಅರಸೀಕೆರೆಯವರಿಗೂ ಮಾತಾಡೋ ಹಕ್ಕಿದೆ ಬಿಡಿ.

ಮೂಡಿಗೆರೆ ರೊಬಸ್ಟಾ
ಇಳಿತದ ವಿಷಯ ತಿಳೀತು. ಆದರೆ ತಮ್ಮ ಹೇಳಿದ ಪ್ರಕಾರ ಬಾಲ್ಟಿಕ್‌ನಲ್ಲಿ ಉಬ್ಬರ ಇಳಿತ ಲೆಕ್ಕಕ್ಕೇ ಇಲ್ಲವಂತೆ. ಹಾಗಿದ್ದರೆ ಅಲ್ಲಿ ಸರಾಸರಿ ಮಟ್ಟ ಸಾಕಲ್ಲ? ಅಲ್ಲಿ ಏನು ಜಗಳ?

ವಿದ್ಯಾನಗರ ಲೆಕ್ಚರರ್
ಅಲ್ಲಿ ಸರಾಸರಿ ಮಟ್ಟವನ್ನೇ ಇಟ್ಟುಕೊಂಡಿದ್ದರು. ತೊಂದರೆ ಶುರುವಾಗಿದ್ದೂ ಅಲ್ಲಿಂದಲೇ, ಯಾಕೆಂದರೆ ಅಲ್ಲಿ ನೆಲ ಏರುತ್ತಿದೆ.

ಹಿಮಯುಗದಲ್ಲಿ ಸ್ವೀಡನ್, ಫಿನ್ಲೆಂಡ್ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ನೆಲ ಕುಸಿದಿತ್ತು. ಹಿಮ ಹೋಗಿ ಸಾವಿರಾರು ವರ್ಷ ಆದರೂ ನೆಲ ಇನ್ನೂ ಮೇಲೇಳುತ್ತಲೇ ಇದೆ. ಸ್ವೀಡನ್ ಫಿನ್ಲೆಂಡ್ ನಡುವಿನ ಬಾತ್ನಿಯಾ ಕೊಲ್ಲಿಯ ಉತ್ತರದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ದಕ್ಷಿಣದ ಜರ್ಮನಿ ಕಡೆ ಹೆಚ್ಚುಕಡಿಮೆ ಸೊನ್ನೆ. ಥರ್ಮಾಮೀಟರ್‌ನ ಸೆಲ್ಸಿಯಸ್ ಗೊತ್ತಲ್ಲ, ಆಂಡರ್ಸ್ ಸೆಲ್ಸಿಯಸ್, ಅವರು 1731ರಲ್ಲಿ ಸ್ವೀಡನ್‌ನ ಯೆವ್ಲೆ ಊರಿನ ಹತ್ತಿರ ಒಂದು ಬಂಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಕೆತ್ತಿಸಿದರು. ಇವತ್ತು ಆ ಗುರುತು ನೀರಿನಿಂದ ಎಷ್ಟೋ ಮೇಲಿದೆ. ನೀರೇ ಕಡಿಮೆ ಆಗುತ್ತಿದೆ ಎಂದು ಅವರು ತಿಳಿದಿದ್ದರು.

ಈಗ ಯೋಚಿಸಿ. ಸೊನ್ನೆ ಅಂದರೆ ಸರಾಸರಿ ನೀರಿನ ಮಟ್ಟ ಎಂದರೆ, ಯಾವ ವರ್ಷದ ಸರಾಸರಿ? 1960ರ ಸರ್ವೆಯ ಚಾರ್ಟ್‌ಗೂ 2000ದ ಚಾರ್ಟ್‌ಗೂ ಉತ್ತರದಲ್ಲಿ ಮೂವತ್ತು ನಲವತ್ತು ಸೆಂಟಿಮೀಟರ್ ವ್ಯತ್ಯಾಸ ಬಂದುಬಿಡುತ್ತದೆ. ಸ್ವೀಡನ್ ಒಂದು ವರ್ಷದ ಸರಾಸರಿ ಹಿಡಿದು, ಫಿನ್ಲೆಂಡ್ ಇನ್ನೊಂದು ವರ್ಷದ್ದು ಹಿಡಿದರೆ, ಎದುರು ಬದುರು ದಡಗಳ ಚಾರ್ಟ್ ಹೊಂದುವುದಿಲ್ಲ. ಸಾಲದ್ದಕ್ಕೆ ಬಾಲ್ಟಿಕ್ ನೀರೇ ಸಮತಟ್ಟಾಗಿಲ್ಲ. ನದಿಗಳ ಸಿಹಿನೀರು ಬಂದು ಬಂದು ಒಳಭಾಗದಲ್ಲಿ ಉಪ್ಪು ಕಡಿಮೆ, ನೀರು ಹಗುರ. ಮೇಲಿಂದ ನೈರುತ್ಯದ ಗಾಳಿ ತಳ್ಳುತ್ತದೆ. ಹಾಗಾಗಿ ಉತ್ತರದ ತುದಿಯ ಸರಾಸರಿ ಮಟ್ಟ ಡೆನ್ಮಾರ್ಕ್ ಬಾಗಿಲಿನ ಕಡೆಗಿಂತ ಮೂವತ್ತು ಸೆಂಟಿಮೀಟರ್‌ಗೂ ಜಾಸ್ತಿ ಎತ್ತರದಲ್ಲಿದೆ. ನೀರು ತಾನಾಗಿ ಮಟ್ಟ ಹಿಡಿಯುತ್ತದೆ ಅನ್ನುವುದು ಬಕೆಟ್‌ಗೆ ಸರಿ, ಸಮುದ್ರಕ್ಕೆ ಅಲ್ಲ.

ಕಡೂರು ಜಂಕ್ಷನ್
ಒಂದು ಕಡೆ ಸಮುದ್ರ ಏರ್ತಿದೆ, ಮುಳುಗಿ ಹೋಗ್ತೀವಿ ಅಂತೀರಿ. ಇನ್ನೊಂದು ಕಡೆ ನೆಲ ಏರ್ತಿದೆ ಅಂತೀರಿ. ಯಾವುದಾದರೂ ಒಂದು ಹೇಳಿ ಸಾರ್.

ವಿದ್ಯಾನಗರ ಲೆಕ್ಚರರ್
ಎರಡೂ ನಿಜ. ಅಲ್ಲಿನ ಉತ್ತರದಲ್ಲಿ ನೆಲ ಓಡುತ್ತಿದೆ, ನೀರು ನಡೆಯುತ್ತಿದೆ, ಅಷ್ಟೇ. ದಕ್ಷಿಣಕ್ಕೆ ಬಂದರೆ ನೀರೇ ಮುಂದು.

ಬಾಬಾಬುಡನ್ ಬೈಕರ್
ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ, ಕೇಳಿಬಿಡ್ತೀನಿ. ಮುಳ್ಳಯ್ಯನಗಿರಿ 1930 ಮೀಟರ್ ಅಂತ ಎಲ್ಲ ಕಡೆ ಓದಿದ್ದೀವಿ. ನನ್ನ ಫೋನ್‌ನ ಒಂದು ಆ್ಯಪ್ ತುದಿಯಲ್ಲಿ ನಿಂತಾಗ 1840ರ ಹತ್ತಿರ ತೋರಿಸ್ತು. ಫ್ರೆಂಡ್ ಫೋನ್‌ನಲ್ಲಿ ಸರಿಯಾಗಿ ಬಂತು. ಅವನು ನನ್ನ ಫೋನ್ ಡಬ್ಬಾ ಅಂತ ಇಡೀ ದಾರಿ ಆಡಿಕೊಂಡ.

ವಿದ್ಯಾನಗರ ಲೆಕ್ಚರರ್
ನೇರ ಸಂಬಂಧ ಇದೆ, ಫೋನ್ ಡಬ್ಬಾ ಅಲ್ಲ. ಜಿಪಿಎಸ್‌ಗೆ ಸಮುದ್ರ ಗೊತ್ತಿಲ್ಲ. ಅದು ಭೂಮಿಯನ್ನು ನುಣುಪಾದ, ಧ್ರುವಗಳ ಕಡೆ ಸ್ವಲ್ಪ ಚಪ್ಪಟೆಯಾದ ಒಂದು ಗೋಳ ಎಂದುಕೊಂಡು ಅದರ ಮೇಲಿಂದ ಎತ್ತರ ಹೇಳುತ್ತದೆ. ನಿಜವಾದ ಸಮುದ್ರದ ಮೈ ಗುರುತ್ವದ ಪ್ರಕಾರ ಉಬ್ಬು ತಗ್ಗು. ಇಡೀ ಭೂಮಿಯಲ್ಲಿ ಅತಿ ದೊಡ್ಡ ತಗ್ಗು ಇರುವುದು ನಮ್ಮ ಪಕ್ಕದಲ್ಲೇ, ಶ್ರೀಲಂಕಾದ ದಕ್ಷಿಣಕ್ಕೆ, ನೂರು ಮೀಟರ್‌ಗೂ ಜಾಸ್ತಿ. ನಮ್ಮ ಕಡೆ ಈ ತಗ್ಗು ಎಂಬತ್ತೈದು ತೊಂಬತ್ತು ಮೀಟರ್ ಸುಮಾರು. ನಿಮ್ಮ ಆ್ಯಪ್ ಆ ತಿದ್ದುಪಡಿ ಹಾಕದೆ ಹಸಿ ಅಂಕಿ ತೋರಿಸಿದೆ. ಅದೇ ಆ್ಯಪ್ ಹಿಡಿದು ಪಣಂಬೂರು ಬೀಚ್‌ನಲ್ಲಿ ನಿಂತರೆ ನೀವು ಸಮುದ್ರ ಮಟ್ಟಕ್ಕಿಂತ ಎಂಬತ್ತಕ್ಕೂ ಜಾಸ್ತಿ ಮೀಟರ್ ಕೆಳಗಿದ್ದೀರಿ ಎನ್ನುತ್ತದೆ.

ಬಾಬಾಬುಡನ್ ಬೈಕರ್
ಸೂಪರ್ ಸಾರ್. ಇದನ್ನು ಹಾಗೇ ಅವನಿಗೆ ಫಾರ್ವರ್ಡ್ ಮಾಡಿದೆ.

ಅರಸೀಕೆರೆ ತೆಂಗು
ಮುಳ್ಳಯ್ಯನಗಿರಿಗೆ ಈಗ ಗಾಡಿ ಬಿಡ್ತಾರಾ? ಆನ್‌ಲೈನ್ ಬುಕಿಂಗ್ ಬೇಕಂತೆ?

ಮಲ್ಪೆ ಮಗಳು ಹಾಸನ ಸೊಸೆ
ತೆಂಗಿನವರೇ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು.

ಘಾಟಿ ಗಾಡಿ
ಗಡಿಯಲ್ಲಿ ಸೊನ್ನೆ ತಪ್ಪಿದ್ದಕ್ಕೆ ಒಳ್ಳೆ ಉದಾಹರಣೆ ನಾನು ಓದಿದ್ದೇನೆ. ಜರ್ಮನಿ ಸ್ವಿಟ್ಜರ್ಲೆಂಡ್ ಮಧ್ಯೆ ರೈನ್ ನದಿಗೆ ಲೌಫೆನ್‌ಬರ್ಗ್ ಅನ್ನುವಲ್ಲಿ ಸೇತುವೆ ಕಟ್ಟಿದರು, 2003ರ ಆಸುಪಾಸು. ಎರಡೂ ಕಡೆಯಿಂದ ಕಟ್ಟಿಕೊಂಡು ಬಂದರೆ ಎತ್ತರ ಸೇರುತ್ತಿಲ್ಲ. ಯಾಕೆಂದರೆ ಜರ್ಮನಿಯವರ ಸಮುದ್ರ ಆಮ್‌ಸ್ಟರ್‌ಡ್ಯಾಂ, ಸ್ವಿಸ್‌ನವರ ಸಮುದ್ರ ಮೆಡಿಟರೇನಿಯನ್. ಇದು ಯಾರಿಗೂ ಗೊತ್ತಿರಲಿಲ್ಲ.

ನಾಲೆ ಏರಿ
ಗೊತ್ತಿತ್ತು ಗಾಡಿಯವರೇ, ಅದೇ ಬೇಜಾರಿನ ವಿಷಯ. ಎರಡು ಸೊನ್ನೆಗಳ ಮಧ್ಯೆ 27 ಸೆಂಟಿಮೀಟರ್ ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ತಿದ್ದುಪಡಿ ಹಾಕುವಾಗ ಕೂಡಿಸುವ ಕಡೆ ಕಳೆದರು. ವ್ಯತ್ಯಾಸ ಹೋಗುವ ಬದಲು ಡಬಲ್ ಆಗಿ 54 ಸೆಂಟಿಮೀಟರ್ ಆಯಿತು. ಲೆವೆಲಿಂಗ್ ಮಾಡಿದ ಯಾರಿಗಾದರೂ ಈ ಕಥೆ ಕೇಳಿದರೆ ಹೊಟ್ಟೆ ತೊಳೆಸುತ್ತದೆ. ಅದಕ್ಕೇ ನಾನು ಹೇಳುವುದು, ಪ್ರತಿ ಸಲ ತಿದ್ದುಪಡಿ ಹಾಕಿಕೊಂಡು ಬದುಕುವುದಕ್ಕಿಂತ ಸೊನ್ನೆಯನ್ನೇ ಒಂದು ಮಾಡುವುದು ವಾಸಿ. ತಿದ್ದುಪಡಿ ಇರುವ ಕಡೆಯೆಲ್ಲ ಪ್ಲಸ್ ಮೈನಸ್ ತಪ್ಪುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ.

ಕಡೂರು ಜಂಕ್ಷನ್
ಸರಿ, ಒಂದು ಮಾಡಲಿ. ಹೇಗೆ ಮಾಡಿದರು ಅನ್ನೋದು ಇನ್ನೂ ಯಾರೂ ಹೇಳಿಲ್ಲ. ಯಾರ ಸೊನ್ನೆಗೆ ಎಲ್ಲರೂ ಒಪ್ಪಿದರು? ಯಾರೋ ಒಬ್ಬರು ಬಗ್ಗಿರಬೇಕಲ್ಲ.

ಬೇಲೂರು ಮಾಜಿ ನೇವಿ
ಬಗ್ಗುವ ಮಾತು ಬರದ ಹಾಗೆ ಜಾಣತನ ಮಾಡಿದ್ದಾರೆ. ಬಾಲ್ಟಿಕ್‌ನ ಯಾವ ಬಂದರನ್ನೂ ಸೊನ್ನೆ ಅಂತ ಹಿಡಿಯಲಿಲ್ಲ. ಯೂರೋಪಿನಲ್ಲಿ ನೆಲದ ಮೇಲಿನ ಎತ್ತರಕ್ಕೆ ಆಗಲೇ ಒಂದು ಸಮಾನ ವ್ಯವಸ್ಥೆ ಇತ್ತು. ಅದರ ಸೊನ್ನೆ ಆಮ್‌ಸ್ಟರ್‌ಡ್ಯಾಂನದ್ದು, ಆ ಊರಿನಲ್ಲಿ 1684ರಲ್ಲೇ ಕಲ್ಲು ಹಾಕಿ ಗುರುತು ಮಾಡಿದ ಮಟ್ಟದಿಂದ ಬಂದದ್ದು. ಅದಕ್ಕೇ ಚಾರ್ಟ್ ಸೊನ್ನೆಯನ್ನೂ ಕಟ್ಟಿದರು. ನೆಲ ಏರುತ್ತಿರುವುದರಿಂದ ಒಂದು ದಿನಾಂಕ ಬೇಕು. 2000ದ ಶುರುವಿನಲ್ಲಿ ನೆಲ ಎಲ್ಲಿತ್ತೋ ಅದೇ ಲೆಕ್ಕ ಎಂದರು. ಹೆಸರಿನಲ್ಲಿ 2000 ಇರುವುದು ಅದಕ್ಕೆ.

ಮುಖ್ಯ ಅನುಕೂಲ ಏನೆಂದರೆ ಸ್ವೀಡನ್‌ನ ಆರ್‌ಎಚ್ 2000, ಫಿನ್ಲೆಂಡ್‌ನ ಎನ್ 2000, ಎಸ್ಟೋನಿಯಾದ ಇಎಚ್ 2000 ಎಲ್ಲವೂ ಇದೇ ಅಡಿಪಾಯದ ಮೇಲೆ ನಿಂತಿವೆ. ಅಂದರೆ ಪ್ರತಿ ದೇಶ ತನ್ನ ಹೊಸ ನೆಲದ ಎತ್ತರದ ವ್ಯವಸ್ಥೆಯನ್ನೇ ಸಮುದ್ರದೊಳಕ್ಕೆ ಚಾಚಿದರೆ ಸಾಕು, ಗಡಿಯಲ್ಲಿ ಎರಡೂ ಕೂಡುತ್ತವೆ. ಚಾಚುವುದು ಹೇಗೆ? ಸಮುದ್ರದ ಮಧ್ಯೆ ಬೆಂಚ್‌ಮಾರ್ಕ್ ಇರುವುದಿಲ್ಲವಲ್ಲ. ಹಡಗಿನಲ್ಲಿ ಗುರುತ್ವ ಅಳೆಯುವ ಯಂತ್ರ ಇಟ್ಟುಕೊಂಡು ಓಡಾಡಿ, ಲೆಕ್ಚರರ್ ಹೇಳಿದ ಆ ಉಬ್ಬು ತಗ್ಗಿನ ನಕ್ಷೆ ಮಾಡಬೇಕು. ಅದು ಚೆನ್ನಾಗಿದ್ದರೆ ಹಡಗಿನ ಜಿಪಿಎಸ್ ಎತ್ತರದಿಂದಲೇ ನೇರವಾಗಿ ಚಾರ್ಟ್ ಸೊನ್ನೆಗೆ ಇಳಿಯಬಹುದು, ದಡದ ಪೋಲ್‌ಗೆ ಕಾಯಬೇಕಿಲ್ಲ. 2014ರಲ್ಲಿ ಶುರುವಾದ ಫೇಮೋಸ್ (FAMOS) ಅನ್ನುವ ಯೋಜನೆಯಲ್ಲಿ ಆ ದೇಶಗಳು ಕೂಡಿ ಈ ಅಳತೆಗೆ ಇಳಿದವು.

ಮೂಡಿಗೆರೆಯವರು ಒಂದು ಮೀಟಿಂಗ್‌ನಲ್ಲಿ ಮುಗಿಸಬಾರದೇ ಎಂದು ಕೇಳಿದ್ದರು. ಒಪ್ಪಂದ ಮೀಟಿಂಗ್‌ನಲ್ಲೇ ಆಗುತ್ತದೆ. ಆಮೇಲಿನದು ನೂರಾರು ಚಾರ್ಟ್, ಲಕ್ಷಾಂತರ ಆಳದ ಅಂಕಿ, ಬಂದರಿನ ಜೆಟ್ಟಿ ಡ್ರಾಯಿಂಗ್, ಡ್ರೆಜ್ಜಿಂಗ್ ಕಾಂಟ್ರಾಕ್ಟ್, ನೀರಿನ ಮಟ್ಟದ ಬೋರ್ಡ್. ಎಲ್ಲ ಬದಲಾಗಬೇಕು. ಅದೂ ಒಂದೇ ದಿನ ಆಗಲ್ಲ, ಹಡಗುಗಳು ನಿಲ್ಲುವುದೂ ಇಲ್ಲ.

ಕೊಪ್ಪದ ವಕೀಲ
ರಷ್ಯಾ?

ಬೇಲೂರು ಮಾಜಿ ನೇವಿ
ಅವರದು ಕ್ರೋನ್‌ಸ್ಟಾಟ್ ಸೊನ್ನೆ, ಸೇಂಟ್ ಪೀಟರ್ಸ್‌ಬರ್ಗ್ ಪಕ್ಕದ ದ್ವೀಪ. ಸೋವಿಯತ್ ಕಾಲದಲ್ಲಿ ಪೋಲೆಂಡ್, ಎಸ್ಟೋನಿಯಾ, ಪೂರ್ವ ಜರ್ಮನಿ ಎಲ್ಲ ಕಡೆ ಅದೇ ಇತ್ತು. ಎಸ್ಟೋನಿಯಾ 2018ರಲ್ಲಿ ಬಿಟ್ಟಿತು. ಬಿಟ್ಟ ದಿನ ಇಡೀ ದೇಶದ ಎತ್ತರದ ಅಂಕಿಗಳು ಇಪ್ಪತ್ತು ಸೆಂಟಿಮೀಟರ್ ಆಸುಪಾಸು ಜಾಸ್ತಿ ಆದವು. ನೆಲ ಒಂದಿಂಚೂ ಅಲ್ಲಾಡಿರಲಿಲ್ಲ.

ಮೂಡಿಗೆರೆ ರೊಬಸ್ಟಾ
ಅದೇ ಥರದ್ದು ತಮ್ಮ ಹೇಳಿದ. ಹೆಲ್ಸಿಂಕಿ ಕಡೆ ಹೊಸ ಚಾರ್ಟ್‌ನಲ್ಲಿ ಆಳ ಕಡಿಮೆ ತೋರಿಸುತ್ತದಂತೆ. ಅಲ್ಲಿನ ಸಣ್ಣ ದೋಣಿಯವರಿಗೆ ಸಮುದ್ರ ಬತ್ತಿಹೋಯಿತಾ ಅನ್ನಿಸುವ ಹಾಗಿದೆ ಎಂದ.

ವಿದ್ಯಾನಗರ ಲೆಕ್ಚರರ್
ಹೌದು. ಹೆಲ್ಸಿಂಕಿಯಲ್ಲಿ ಈಗಿನ ಸರಾಸರಿ ನೀರು ಹೊಸ ಸೊನ್ನೆಗಿಂತ ಸುಮಾರು 20 ಸೆಂಟಿಮೀಟರ್ ಮೇಲಿದೆ. ಸೊನ್ನೆ ಕೆಳಗೆ ಇಳಿದಿದ್ದರಿಂದ ಬರೆದ ಆಳ ಅಷ್ಟು ಕಡಿಮೆ ಆಯಿತು. ಆದರೆ ದಡದಲ್ಲಿ ನೀರಿನ ಮಟ್ಟ ಅಳೆಯುವ ಮೀಟರ್ ಈಗ +20 ಅಂತ ತೋರಿಸುತ್ತದೆ. ಚಾರ್ಟ್‌ನ ಆಳಕ್ಕೆ ಅದನ್ನು ಕೂಡಿಸಿದರೆ ನಿಜವಾದ ನೀರು ಸಿಕ್ಕಿತು. ಎಲ್ಲ ದೇಶದ ಮೀಟರ್‌ಗೂ ಎಲ್ಲ ದೇಶದ ಚಾರ್ಟ್‌ಗೂ ಒಂದೇ ಸೊನ್ನೆ ಇದ್ದರೆ ಈ ಕೂಡಿಸುವುದು ಎಲ್ಲಿ ಹೋದರೂ ಹಾಗೇ ನಡೆಯುತ್ತದೆ. ಮುಂದೆ ನೆಲ ಏರಿದರೂ ಚಾರ್ಟ್ ತಿದ್ದಬೇಕಿಲ್ಲ, ಮೀಟರ್ ತೋರಿಸುವ ಅಂಕಿ ತಾನೇ ಇಳಿಯುತ್ತದೆ.

ಕಡೂರು ಜಂಕ್ಷನ್
ನನಗೆ ಒಂದು ವಿಷಯ ನುಂಗೋಕೆ ಆಗ್ತಿಲ್ಲ. ಗಾಳಿ ಬೀಸಿದರೆ ಬಾಲ್ಟಿಕ್‌ನಲ್ಲಿ ನೀರು ಒಂದು ಮೀಟರ್ ಏರುತ್ತೆ ಇಳಿಯುತ್ತೆ ಅಂತ ನಾನೇ ಓದಿದೆ. 2005ರ ಜನವರಿಯಲ್ಲಿ ಹೆಲ್ಸಿಂಕಿಯಲ್ಲಿ ಸರಾಸರಿಗಿಂತ 151 ಸೆಂಟಿಮೀಟರ್ ಏರಿತ್ತು. 1824ರಲ್ಲಿ ಪೀಟರ್ಸ್‌ಬರ್ಗ್‌ಗೆ ನಾಲ್ಕು ಮೀಟರ್ ನೀರು ನುಗ್ಗಿತ್ತು. ಮೀಟರ್‌ಗಟ್ಟಲೆ ಆಟ ಆಡೋ ನೀರಿನಲ್ಲಿ 20 ಸೆಂಟಿಮೀಟರ್ ಸೊನ್ನೆಗೆ ಇಷ್ಟು ವರ್ಷ, ಇಷ್ಟು ದುಡ್ಡು. ಸುಮ್ನೆ ಆಫೀಸರ್‌ಗಳಿಗೆ ಟೂರ್ ಅಲ್ವಾ?

ನಾಲೆ ಏರಿ
ಗಾಳಿಯಿಂದ ಏರಿದ ಒಂದು ಮೀಟರ್ ಕಣ್ಣಿಗೆ ಕಾಣುತ್ತದೆ. ಮೀಟರ್ ತೋರಿಸುತ್ತದೆ, ಕ್ಯಾಪ್ಟನ್‌ಗೆ ರೇಡಿಯೋದಲ್ಲಿ ಹೇಳುತ್ತಾರೆ, ಅವನು ಕೂಡಿಸುತ್ತಾನೋ ಕಳೆಯುತ್ತಾನೋ ಮಾಡುತ್ತಾನೆ. ಸೊನ್ನೆಯಲ್ಲಿರುವ 20 ಸೆಂಟಿಮೀಟರ್ ಯಾವ ಮೀಟರ್‌ನಲ್ಲೂ ಕಾಣುವುದಿಲ್ಲ. ಕಾಣುವ ತಪ್ಪಿಗೆ ಮನುಷ್ಯ ಹುಷಾರಾಗಿರುತ್ತಾನೆ. ಕಾಣದ್ದು ಪ್ರತಿ ಅಂಕಿಯೊಳಗೂ ಸೇರಿಕೊಂಡು ಕೂತಿರುತ್ತದೆ.

ನಾಲೆ ಕೆಲಸದಲ್ಲೂ ಇದೇ. ಒಬ್ಬ ಕಾಂಟ್ರಾಕ್ಟರ್ ಒಂದು ಬೆಂಚ್‌ಮಾರ್ಕ್‌ನಿಂದ, ನಾಲೆಯ ಪಕ್ಕದ ತುಂಡಿನ ಕೆಲಸದವನು ಬೇರೆ ಬೆಂಚ್‌ಮಾರ್ಕ್‌ನಿಂದ ಲೆವೆಲ್ ತಂದರೆ ಸೇರುವ ಕಡೆ ಮೆಟ್ಟಿಲು ಬೀಳುತ್ತದೆ. ನಮ್ಮ ನಾಲೆಗಳ ಇಳಿಜಾರು ಕಿಲೋಮೀಟರ್‌ಗೆ ಸೆಂಟಿಮೀಟರ್‌ಗಳ ಲೆಕ್ಕದಲ್ಲಿರುತ್ತದೆ. ಅರ್ಧ ಅಡಿ ಮೆಟ್ಟಿಲು ಬಿದ್ದರೆ ಕೊನೆಯ ಹಳ್ಳಿಗೆ ನೀರು ಹೋಗುವುದಿಲ್ಲ. ಕಣ್ಣಾರೆ ನೋಡಿದ್ದೇನೆ, ಎಲ್ಲಿ ಅಂತ ಕೇಳಬೇಡಿ.

ಬೇಲೂರು ಮಾಜಿ ನೇವಿ
ದುಡ್ಡಿನ ಮಾತು ಬಂತು, ಅದನ್ನೂ ಹೇಳುತ್ತೇನೆ. ದೊಡ್ಡ ಹಡಗುಗಳು ಬಾಲ್ಟಿಕ್‌ಗೆ ಹೋಗುವುದು ಡೆನ್ಮಾರ್ಕ್‌ನ ಗ್ರೇಟ್ ಬೆಲ್ಟ್ ಅನ್ನುವ ಜಲಸಂಧಿಯ ದಾರಿಯಲ್ಲಿ. ಅಲ್ಲಿ ಆಳ 17 ಮೀಟರ್. ಸರಕು ತುಂಬುವಾಗಲೇ ಆ 17 ಮೀಟರ್ ಲೆಕ್ಕ ಹಿಡಿದು ತುಂಬುತ್ತಾರೆ. ದೊಡ್ಡ ಹಡಗು ಒಂದು ಸೆಂಟಿಮೀಟರ್ ಜಾಸ್ತಿ ಮುಳುಗಬೇಕಾದರೆ ಹತ್ತಾರು ಟನ್ ಸರಕು ಬೇಕು. ಸೊನ್ನೆ ಮೇಲೆ ನಂಬಿಕೆ ಇಲ್ಲದಿದ್ದರೆ ಕ್ಯಾಪ್ಟನ್ ಏನು ಮಾಡುತ್ತಾನೆ? 20 ಸೆಂಟಿಮೀಟರ್ ಬಿಟ್ಟು ತುಂಬಿಸುತ್ತಾನೆ. ಪ್ರತಿ ಸಲವೂ ಸಾವಿರ ಟನ್‌ಗೂ ಜಾಸ್ತಿ ಜಾಗ ಖಾಲಿ. ಮೀಟಿಂಗ್‌ನ ಟೀ ಬಿಸ್ಕತ್ ಖರ್ಚು ಇದರ ಮುಂದೆ ಏನೂ ಅಲ್ಲ.

ಕಡೂರು ಜಂಕ್ಷನ್
ಈ ಉತ್ತರ ಒಪ್ಪಿದೆ. ಟೂರ್ ವಿಷಯ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲ್ಲ.

ಕೊಪ್ಪದ ವಕೀಲ
ಯಾರೂ ಕಾನೂನಿನ ಕಡೆ ನೋಡಲಿಲ್ಲ ಮಾರಾಯ್ರೆ. ಇಡೀ ಚರ್ಚೆಯಲ್ಲಿ ರಸವಿರುವುದು ಅಲ್ಲೇ.

ಒಂದು ದೇಶದ ಸಮುದ್ರ ಗಡಿ 12 ನಾಟಿಕಲ್ ಮೈಲಿ ಅಂತ ಎಲ್ಲರಿಗೂ ಗೊತ್ತು. ಎಲ್ಲಿಂದ 12? ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 5ನೇ ವಿಧಿ ನೋಡಿ. ಆ ದೇಶವೇ ಒಪ್ಪಿದ ದೊಡ್ಡ ಅಳತೆಯ ಚಾರ್ಟ್‌ನಲ್ಲಿ ಇಳಿತದ ಗೆರೆ ಎಲ್ಲಿದೆಯೋ ಅಲ್ಲಿಂದ. ಇಳಿತ ಎಂದರೆ ಎಷ್ಟು ಇಳಿತ ಅಂತ ಅಲ್ಲಿ ಹೇಳಿಲ್ಲ! ಸೊನ್ನೆ ಎಷ್ಟು ಕೆಳಗೆ ಇಟ್ಟುಕೊಂಡರೆ ದಡದ ಗೆರೆ ಅಷ್ಟು ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ಮಾತ್ರ ತಲೆ ಎತ್ತುವ ಮರಳ ದಿಬ್ಬ ಒಂದು ಸೊನ್ನೆಯ ಪ್ರಕಾರ ಇದೆ, ಇನ್ನೊಂದರ ಪ್ರಕಾರ ಇಲ್ಲವೇ ಇಲ್ಲ.

ಇದು ಬಾಯಿಮಾತಲ್ಲ. ಫ್ರಾನ್ಸ್ ಬೆಲ್ಜಿಯಂ ಮಧ್ಯೆ ಹೀಗೇ ಆಯಿತು. ಫ್ರೆಂಚರ ಸೊನ್ನೆ ಬೆಲ್ಜಿಯಂನವರ ಸೊನ್ನೆಗಿಂತ ಕೆಳಗಿತ್ತು. ಫ್ರೆಂಚ್ ಚಾರ್ಟ್‌ನಲ್ಲಿ ಕಾಣುವ ದಿಬ್ಬ ಬೆಲ್ಜಿಯಂ ಚಾರ್ಟ್‌ನಲ್ಲಿ ನೀರಿನ ಕೆಳಗೆ. ದಿಬ್ಬ ಲೆಕ್ಕಕ್ಕೆ ಬಂದರೆ ಗಡಿ ಒಂದು ಕಡೆ, ಬರದಿದ್ದರೆ ಇನ್ನೊಂದು ಕಡೆ. ಕೊನೆಗೆ 1990ರಲ್ಲಿ ಎರಡು ಗೆರೆಗಳ ನಡುವಿನ ಜಾಗ ಹಂಚಿಕೊಂಡು ರಾಜಿ ಮಾಡಿಕೊಂಡರು. ಬ್ರಿಟನ್ ಫ್ರಾನ್ಸ್ ಮಧ್ಯೆಯೂ ಎಡ್ಡಿಸ್ಟೋನ್ ಬಂಡೆ ಉಬ್ಬರದಲ್ಲಿ ಮೇಲಿರುತ್ತೋ ಇಲ್ಲವೋ ಅಂತ ವಾದ ನಡೆದು 1977ರ ತೀರ್ಪಿನವರೆಗೂ ಹೋಗಿತ್ತು. ನಮ್ಮ ಕಡೆ ಕಾಫಿ ತೋಟದ ಬದುವಿನ ಕೇಸುಗಳಿಗೆ ಮೂರು ತಲೆಮಾರು ಹಿಡಿಯುತ್ತದೆ, ಅದನ್ನು ನೋಡಿದರೆ ಇವರು ಬೇಗ ಮುಗಿಸಿದರು.

ಆದ್ದರಿಂದ ಇದನ್ನು ಬರೀ ಎಂಜಿನಿಯರ್‌ಗಳ ಕೆಲಸ ಎಂದುಕೊಳ್ಳಬೇಡಿ. ಸೊನ್ನೆ ಬದಲಿಸುವ ಮೊದಲು ಯಾವ ದೇಶವಾದರೂ ತನ್ನ ವಕೀಲರನ್ನು ಕೇಳಿಯೇ ಕೇಳುತ್ತದೆ.

ಅರಸೀಕೆರೆ ತೆಂಗು
ಫೀಸ್ ಎಷ್ಟು ಲಾಯರ್ ಸಾಹೇಬ್ರೇ?

ಬೇಲೂರು ಮಾಜಿ ನೇವಿ
ವಕೀಲರ ಮಾತು ಸರಿ, ಆದರೆ ಹಡಗಿನ ಸೊನ್ನೆ ಮತ್ತು ಗಡಿಯ ಸೊನ್ನೆ ಒಂದೇ ಇರಬೇಕು ಅಂತ ಏನಿಲ್ಲ. ಎರಡನ್ನೂ ಗಂಟು ಹಾಕಿದರೆ ಯಾವ ದೇಶವೂ ಅಲುಗುವುದಿಲ್ಲ. ಉತ್ತರ ಸಮುದ್ರದಲ್ಲಿ ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ ಎಲ್ಲ ತಮ್ಮ ಹಳೆ ಇಳಿತದ ಮಟ್ಟ ಬಿಟ್ಟು ಲ್ಯಾಟ್‌ಗೆ ಬಂದಿದ್ದಾರೆ, ಗಡಿ ಜಗಳ ಎದ್ದಿಲ್ಲ.

ಕೊಪ್ಪದ ವಕೀಲ
ಜಗಳ ಎದ್ದಿಲ್ಲ, ಯಾಕೆಂದರೆ ಅಲ್ಲಿ ಗಡಿ ಒಪ್ಪಂದಗಳು ಮೊದಲೇ ಆಗಿದ್ದವು. ಆಗದ ಕಡೆ ಮಾಡಿ ನೋಡಿ. ಗುಜರಾತ್ ಪಾಕಿಸ್ತಾನ ಗಡಿಯ ಸರ್ ಕ್ರೀಕ್‌ನಲ್ಲಿ ಮಾಡಿ ನೋಡಿ.

ವಿದ್ಯಾನಗರ ಲೆಕ್ಚರರ್
ಎರಡೇ ದೇಶ ಇದ್ದು, ಇಬ್ಬರೂ ಮನಸ್ಸು ಮಾಡಿದರೆ ಎಷ್ಟು ಸಲೀಸು ಅನ್ನುವುದಕ್ಕೆ ಅಮೆರಿಕ ಕೆನಡಾ ನೋಡಿ. ಮಹಾ ಸರೋವರಗಳ ಮಧ್ಯದಲ್ಲೇ ಗಡಿ ಹೋಗುತ್ತದೆ. ಅಲ್ಲಿಗೆ 1955ರದ್ದೊಂದು, ಆಮೇಲೆ 1985ರದ್ದೊಂದು ಜಂಟಿ ಡೇಟಮ್ ಇದೆ. ಸೊನ್ನೆ ಕೆನಡಾದ ಕ್ವಿಬೆಕ್‌ನ ರಿಮೂಸ್ಕಿಯಲ್ಲಿ. ಅಮೆರಿಕದವರು ತಮ್ಮ ಚಿಕಾಗೋ ನೀರನ್ನು ಕೆನಡಾದ ಗುರುತಿನಿಂದ ಅಳೆಯುತ್ತಾರೆ, ಯಾರ ಮರ್ಯಾದೆಯೂ ಹೋಗಿಲ್ಲ. ಅಲ್ಲೂ ಹಿಮಯುಗದ ನೆಲ ಏರುತ್ತಿರುವುದರಿಂದ ಮೂವತ್ತು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಈಗ ಮುಂದಿನದರ ಕೆಲಸ ನಡೆದಿದೆ.

ಮಲ್ಪೆ ಮಗಳು ಹಾಸನ ಸೊಸೆ
ನಮ್ಮ ದೇಶದ ನೆಲದ ಸೊನ್ನೆ ಎಲ್ಲಿದೆ? ಮುಂಬೈ ಅಂತ ಶಾಲೆಯಲ್ಲಿ ಓದಿದ ನೆನಪು. ಕೆಲವರು ಚೆನ್ನೈ ಅಂತಾರೆ.

ನಾಲೆ ಏರಿ
1909ರಲ್ಲಿ ಮುಗಿಸಿದ ಹಳೆ ಲೆವೆಲ್ ಜಾಲಕ್ಕೆ ಒಂದಲ್ಲ, ಒಂಬತ್ತು ಬಂದರುಗಳು. ಕರಾಚಿ, ಮುಂಬೈ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಚೆನ್ನೈ, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಒಂಬತ್ತು ಕಡೆಯೂ ಸರಾಸರಿ ಸಮುದ್ರ ಮಟ್ಟ ಸೊನ್ನೆ ಅಂತ ಹಿಡಿದು ದೇಶದ ಒಳಗಿನ ಲೆವೆಲ್‌ಗಳನ್ನು ಅದಕ್ಕೆ ಹೊಂದಿಸಿದರು. ನಮ್ಮ ಕಾರವಾರವೂ ಇದೆ ನೋಡಿ. ಕರಾಚಿ ಈಗ ಪಾಕಿಸ್ತಾನದಲ್ಲಿದೆ, ಆದರೂ ಆ ಜಾಲದ ಲೆಕ್ಕದೊಳಗೆ ಅದರ ನೀರೂ ಸೇರಿದೆ. ಎಲ್ಲ ಕಡೆ ಸಮುದ್ರ ಒಂದೇ ಮಟ್ಟ ಅನ್ನುವ ನಂಬಿಕೆಯಲ್ಲಿ ಮಾಡಿದ್ದು. ಲೆಕ್ಚರರ್ ಹೇಳಿದ ಹಾಗೆ ಅದು ಪೂರ್ತಿ ಸರಿಯಲ್ಲ, ಆದರೆ ಆ ಕಾಲದ ಉಪಕರಣದಲ್ಲಿ, ಎತ್ತಿನ ಗಾಡಿಯಲ್ಲಿ ಓಡಾಡಿಕೊಂಡು ಮಾಡಿದ ಕೆಲಸ. ನಾನು ಟೀಕೆ ಮಾಡಲ್ಲ.

ಮೂಡಿಗೆರೆ ರೊಬಸ್ಟಾ
ಹಾಗಾದರೆ ನಮ್ಮ ಸುತ್ತಮುತ್ತಲೂ ಬಾಲ್ಟಿಕ್ ಥರ ಮಾಡಬಹುದಾ? ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಒಂದೇ ಸೊನ್ನೆ?

ಬೇಲೂರು ಮಾಜಿ ನೇವಿ
ಕೂತು ಮಾತಾಡಲು ಜಾಗ ಇದೆ. ಹಿಂದೂ ಮಹಾಸಾಗರದ ಉತ್ತರ ಭಾಗದ ದೇಶಗಳಿಗೆ ಒಂದು ಹೈಡ್ರೋಗ್ರಾಫಿಕ್ ಕಮಿಷನ್ ಇದೆ, ಮೂರೂ ದೇಶ ಅದರಲ್ಲಿವೆ. ಆದರೆ ಬಾಲ್ಟಿಕ್ ಮಾದರಿ ಇಲ್ಲಿ ಹಾಗೇ ಇಳಿಸಲು ಆಗಲ್ಲ. ಅಲ್ಲಿ ಇಳಿತವಿಲ್ಲ, ನಯವಾದ ಒಂದೇ ಮೈ ಸಾಕು. ನಮ್ಮಲ್ಲಿ ಸುಂದರಬನದ ಬಾಯಲ್ಲಿ ಒಂದು ಇಳಿತ, ಕೊಲಂಬೋದಲ್ಲಿ ಇನ್ನೊಂದು. ಒಂದೇ ಎತ್ತರದ ಸೊನ್ನೆ ಇಟ್ಟರೆ ಒಂದು ಕಡೆ ಅಪಾಯ, ಇನ್ನೊಂದು ಕಡೆ ವ್ಯರ್ಥ. ನಾವು ಮಾಡಬೇಕಾದ್ದು ಲೆಕ್ಕ ಹಾಕುವ ರೀತಿ ಒಂದೇ ಇರುವುದು, ಅಂದರೆ ಎಲ್ಲರೂ ಲ್ಯಾಟ್. ಜೊತೆಗೆ ಆ ಮಟ್ಟ ಪ್ರತಿ ಜಾಗದಲ್ಲೂ ಜಿಪಿಎಸ್ ಗೋಳದಿಂದ ಎಷ್ಟು ಕೆಳಗೆ ಅಂತ ಒಂದು ನಕ್ಷೆ. ಬ್ರಿಟನ್ ತನ್ನ ನೀರಿಗೆ ಹೀಗೊಂದು ಮಾಡಿಕೊಂಡಿದೆ, ಫ್ರಾನ್ಸ್ ಕೂಡ. ಅಮೆರಿಕದವರಿಗೆ ವಿಡೇಟಮ್ ಅಂತ ಸಾಫ್ಟ್‌ವೇರೇ ಇದೆ.

ವಿದ್ಯಾನಗರ ಲೆಕ್ಚರರ್
ನಾನು ಇದನ್ನು ಪೂರ್ತಿ ಒಪ್ಪಲ್ಲ. ಲ್ಯಾಟ್ ಕೂಡ ಶಾಶ್ವತ ಅಲ್ಲ. ಸಮುದ್ರ ಏರಿದರೆ ಅದೂ ಏರುತ್ತದೆ, 19 ವರ್ಷಕ್ಕೊಮ್ಮೆ ಮತ್ತೆ ಲೆಕ್ಕ. ಗೋಳವನ್ನೇ ಸೊನ್ನೆ ಮಾಡಿ, ಚಾರ್ಟ್ ಎಲ್ಲ ಅದರ ಮೇಲೇ ಇಟ್ಟು, ಹಡಗಿನ ಕಂಪ್ಯೂಟರ್‌ಗೆ ನೀರಿನ ಮಟ್ಟವನ್ನು ಲೈವ್ ಕಳಿಸಿದರೆ ಜಗತ್ತಿಗೆಲ್ಲ ಒಂದೇ ಸೊನ್ನೆ ಆಗಿಬಿಡುತ್ತದೆ. ಹೊಸ ಎಸ್-100 ಮಾದರಿಯ ಎಲೆಕ್ಟ್ರಾನಿಕ್ ಚಾರ್ಟ್‌ನಲ್ಲಿ ತಳದ ನಕ್ಷೆಗೆ ಒಂದು ಪದರ, ನೀರಿನ ಮಟ್ಟಕ್ಕೆ ಇನ್ನೊಂದು ಪದರ ಬೇರೆಯಾಗಿಯೇ ಇದೆ.

ಬೇಲೂರು ಮಾಜಿ ನೇವಿ
ಕಂಪ್ಯೂಟರ್ ಕೆಟ್ಟ ದಿನ ಕ್ಯಾಪ್ಟನ್ ಮುಂದೆ 'ಆಳ 96 ಮೀಟರ್' ಅಂತ ಇರುತ್ತದೆ, ನಿಜವಾದ ನೀರು 6 ಮೀಟರ್. ನಮ್ಮ ಕಡೆ ಗೋಳಕ್ಕೂ ನೀರಿಗೂ ತೊಂಬತ್ತು ಮೀಟರ್ ದೂರ ಅಂತ ನೀವೇ ಹೇಳಿದಿರಿ. ಸಾಫ್ಟ್‌ವೇರ್ ಒಳಗೆ ಏನು ಬೇಕಾದರೂ ಇಟ್ಟುಕೊಳ್ಳಲಿ ಸಾರ್, ಹಡಗು ಓಡಿಸುವವನ ಕಣ್ಣಿಗೆ ಬೀಳುವ ಅಂಕಿ ನೀರಿನದ್ದೇ ಆಗಿರಬೇಕು. ಇದರಲ್ಲಿ ನನ್ನದು ರಾಜಿ ಇಲ್ಲ.

ಮಲ್ಪೆ ಮಗಳು ಹಾಸನ ಸೊಸೆ
ನನ್ನ ಓಟು ನೇವಿಯವರಿಗೆ. ನಮ್ಮಪ್ಪನ ಬೋಟ್‌ನಲ್ಲಿ ಮಳೆಗಾಲಕ್ಕೆ ಮೊದಲು ಕೆಡುತ್ತಿದ್ದುದೇ ಎಲೆಕ್ಟ್ರಾನಿಕ್ ಸಾಮಾನು.

ಘಾಟಿ ಗಾಡಿ
ಅಕ್ಕಾ, ಮಲ್ಪೆಯವರು ಅಂದಿರಲ್ಲ. ಭಾನುವಾರ ಫ್ಯಾಮಿಲಿ ಜೊತೆ ಬರ್ತಿದ್ದೀವಿ, ಶಿರಾಡಿ ರೋಡ್ ಕಥೆ ದೇವರಿಗೇ ಬಿಟ್ಟಿದ್ದು. ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಯಾವ ಹೊತ್ತಿಗೆ ಒಳ್ಳೇದು? ಉಬ್ಬರ ಇಳಿತ ನೋಡಿಕೊಂಡು ಬರಬೇಕಾ?

ಮಲ್ಪೆ ಮಗಳು ಹಾಸನ ಸೊಸೆ
ಟೈಡ್ ಟೇಬಲ್ ನೋಡುವುದಾದರೆ ಮಂಗಳೂರು ಬಂದರಿನದು ನೋಡಿ, ಹೆಚ್ಚುಕಡಿಮೆ ಅದೇ. ಬೆಳಿಗ್ಗೆ ಬೇಗ ಬನ್ನಿ, ಹನ್ನೊಂದರ ಮೇಲೆ ಕ್ಯೂ ಜಾಸ್ತಿ. ಇಳಿತ ಇದ್ದರೆ ಮಕ್ಕಳಿಗೆ ಕಂಬದ ಬಂಡೆಗಳ ಬುಡದವರೆಗೂ ನೋಡಲು ಸಿಗುತ್ತದೆ, ಆದರೆ ಪಾಚಿ ಜಾರುತ್ತದೆ, ಚಪ್ಪಲಿ ಗಟ್ಟಿದು ಹಾಕಿಸಿ.